ಹೊಟ್ಟೆ ಕಟ್ಟಿಕೊಳ್ಳುವ ಶಾಸ್ತ್ರೋಕ್ತ ವಿಧಾನ

ಮಲಬದ್ಧತೆ ತಾನಾಗಿ ಬರುತ್ತದೆಂದು ಕಾಯುತ್ತ ಕೂರಬೇಡಿ. ರಾಗಿಮುದ್ದೆ, ಸೊಪ್ಪಿನ ಸಾರು, ಮೈಮುರಿಯುವ ಕೆಲಸ ಇರುವ ಮನೆಗೆ ಅದು ಸುಲಭಕ್ಕೆ ಕಾಲಿಡುವುದಿಲ್ಲ. ಹಾಗೆಂದು ಆಯುರ್ವೇದವನ್ನು ದೂರ ಇಡಬೇಕಾಗಿಯೂ ಇಲ್ಲ. ಅದು ಬೇಡವೆಂದದ್ದನ್ನೆಲ್ಲ ಗುರುತು ಹಾಕಿಕೊಳ್ಳಿ, ಅರ್ಧ ಕೆಲಸ ಮುಗಿಯಿತು.

ಬ್ರಾಹ್ಮೀ ಮುಹೂರ್ತದಲ್ಲಿ ಏಳಿ ಎಂದವನು ವಾಗ್ಭಟ. ನೀವು ಸ್ಕೂಲ್ ವ್ಯಾನಿನ ಹಾರನ್ನಿಗೆ ಏಳಿ. ಬಿಸಿನೀರಿನ ತಂಟೆಗೆ ಹೋಗದೆ ಕಾಫಿ ಹೀರಿ. ಕೆಲವರಿಗೆ ಅಷ್ಟರಲ್ಲೇ ಕರೆ ಬಂದುಬಿಡುತ್ತದೆ. ಗಾಬರಿಯಾಗಬೇಡಿ, ಬಂದ ಕರೆಯನ್ನು ಏನು ಮಾಡಬೇಕು ಎಂಬುದೇ ಈ ವಿದ್ಯೆಯ ತಿರುಳು.

ತಡೆಯಿರಿ. ಚರಕಸಂಹಿತೆಯ ಸೂತ್ರಸ್ಥಾನ, 7ನೇ ಅಧ್ಯಾಯ ತೆರೆಯಿರಿ. ತಡೆಯಬಾರದ 13 ವೇಗಗಳ, ಅಂದರೆ ದೇಹದ ಸಹಜ ಕರೆಗಳ, ಪಟ್ಟಿ ಅಲ್ಲಿದೆ. ಮಲವೇಗ ತಡೆದವರಿಗೆ ಹೊಟ್ಟೆನೋವು, ತಲೆನೋವು, ಹೊಟ್ಟೆಯುಬ್ಬರ, ಮೀನಖಂಡದ ಸೆಳೆತ ಎಂದೂ ಹೇಳಿದೆ. ಅದನ್ನು ಫಲಶ್ರುತಿ ಎಂದು ಓದಿಕೊಳ್ಳಿ. 'ಇದೊಂದು ಮೀಟಿಂಗ್ ಮುಗಿಯಲಿ' ಎನ್ನಿ. ಆಮೇಲೆ ಸಿಲ್ಕ್ ಬೋರ್ಡಿನ ಟ್ರಾಫಿಕ್ಕು ನಿಮ್ಮ ಕೈಹಿಡಿಯುತ್ತದೆ. ಇತ್ತ ದೊಡ್ಡಕರುಳು ತನ್ನ ಪಾಡಿಗೆ ಮಲದೊಳಗಿನ ನೀರನ್ನು ಹೀರುತ್ತಲೇ ಇರುತ್ತದೆ. ತಡವಾದಷ್ಟೂ ಸರಕು ಒಣಗುತ್ತದೆ, ಗಟ್ಟಿಯಾಗುತ್ತದೆ. ಸಾಧನೆ ಬಿಡದೆ ಮುಂದುವರಿಸಿದರೆ ಒಂದು ದಿನ ಕರೆಯೇ ನಿಂತುಹೋಗುತ್ತದೆ. ಮಕ್ಕಳಿಗೆ ಇದನ್ನು ನೀವೇ ಕಲಿಸಬೇಕಾಗಿಲ್ಲ. ನೀರಿಲ್ಲದ, ಚಿಲಕವಿಲ್ಲದ ಶಾಲೆಯ ಶೌಚಾಲಯ ಪಾಠಕ್ಕಿಂತ ಚೆನ್ನಾಗಿ ಕಲಿಸುತ್ತದೆ.

ಊಟಕ್ಕೆ ಬನ್ನಿ. ಒಣಗಿದ್ದು, ತಣ್ಣಗಿದ್ದು ವಾತವನ್ನು ಕೆರಳಿಸುತ್ತದೆ ಎನ್ನುತ್ತಾರೆ ವೈದ್ಯರು. ಹಾಗಾದರೆ ಅದನ್ನೇ ತಿನ್ನಿ: ರಸ್ಕು, ಬಿಸ್ಕತ್ತು, ಖಾರಾ ಮಿಕ್ಸ್ಚರು, ಫ್ರಿಜ್ಜಿನಿಂದ ತೆಗೆದ ನಿನ್ನೆಯ ಪರೋಟ. ಮದುವೆ ಊಟದಲ್ಲಿ ಕೋಸಂಬರಿ, ಪಲ್ಯವನ್ನು ಎಲೆಯಲ್ಲೇ ಬಿಟ್ಟು ಏಳಿ. ನೀರಿನ ಬಾಟಲಿಯನ್ನು ಮೇಜಿನ ಮೇಲೆ ಎದ್ದು ಕಾಣುವಂತೆ ಇಡಿ, ಮುಟ್ಟಬೇಡಿ. ಊಟವಾದ ಮೇಲೆ ಅಡ್ಡಾಡಬೇಡಿ.

ಈಗ ಚೂರ್ಣದ ವಿಷಯ. ಇಲ್ಲಿ ಬಹಳ ಜನ ಎಡವುತ್ತಾರೆ: ಚೂರ್ಣದ ಜೊತೆ ಊಟ, ನಿದ್ದೆಯನ್ನೂ ಸರಿಮಾಡಿಕೊಂಡು ಗುಣವಾಗಿಬಿಡುತ್ತಾರೆ. ನೀವು ಬೇರೇನನ್ನೂ ಬದಲಿಸದೆ ಡಬ್ಬಿಯನ್ನಷ್ಟೇ ಬದಲಿಸಿ. ನೆಲ್ಲಿ, ಅಳಲೆ, ತಾರೆ ಸೇರಿದ ತ್ರಿಫಲ ನಿಧಾನ ಎನಿಸಿತೇ? ಸೋನಾಮುಖಿಗೆ ಹೋಗಿ. ಅದು ಕರುಳನ್ನು ಚುಚ್ಚಿ ಎಬ್ಬಿಸುತ್ತದೆ, ಹೊಟ್ಟೆ ನುಲಿಯುತ್ತದೆ. ಆ ನುಲಿತವನ್ನೇ ಗುಣವೆಂದು ಎಣಿಸಿ ದಿನಾ ತೆಗೆದುಕೊಳ್ಳಿ, ಪರಿಣಾಮ ಕುಗ್ಗಿದರೆ ಚಮಚ ಏರಿಸಿ. ಗಿಡಮೂಲಿಕೆಗೆ ಅಡ್ಡಪರಿಣಾಮ ಎಲ್ಲಿಯದು! ಇಸಬಗೋಲ್ ನೀರು ಹೀರಿ ಉಬ್ಬಿ ಕೆಲಸ ಮಾಡುವಂಥದ್ದು, ಆದ್ದರಿಂದ ನೀರಿನಲ್ಲೇ ಜಿಪುಣತನ ಮಾಡಿ. ನಿಮ್ಮದು ಸುಲಭಕ್ಕೆ ಸಡಿಲಾಗುವ ಮೃದು ಕೋಷ್ಠವೋ ಜಗ್ಗದ ಕ್ರೂರ ಕೋಷ್ಠವೋ ಎಂದು ವೈದ್ಯರ ಹತ್ತಿರ ನಾಡಿ ಹಿಡಿಸಬೇಡಿ, ಪಕ್ಕದ ಮನೆಯವರಿಗೆ ಯಾವುದು ಹಿಡಿಯಿತೆಂದು ಕೇಳಿ.

ಕೊನೆಗೆ ಆಸನ. ಕುಕ್ಕರಗಾಲಲ್ಲಿ ಕೂತರೆ ಗುದನಾಳ ನೇರವಾಗಿ ದಾರಿ ಸಲೀಸಾಗುತ್ತದೆ, ಅದು ಬೇಡ. ಕಮೋಡಿನ ಮುಂದೆ ಕಾಲುಮಣೆ ಇದ್ದರೆ ಅಟ್ಟಕ್ಕೆ ಹಾಕಿ. ಫೋನು ಒಯ್ಯಿರಿ, ರೀಲ್ಸ್ ಮುಗಿಯುವತನಕ ಏಳಬೇಡಿ, ನಡುನಡುವೆ ಮುಕ್ಕಿರಿ. ಮೂಲವ್ಯಾಧಿಗೆ ಇದಕ್ಕಿಂತ ಹತ್ತಿರದ ದಾರಿ ನನಗೆ ಗೊತ್ತಿಲ್ಲ.

ರಕ್ತ ಕಂಡರೆ 'ಉಷ್ಣ' ಎಂದು ಎಳನೀರು ಕುಡಿಯಿರಿ. ತೂಕ ಇಳಿದರೆ ಸಂತೋಷಪಡಿ. ಮನೆಯವರು ಒತ್ತಾಯದಿಂದ ಡಾಕ್ಟರ ಹತ್ತಿರ ಕರೆದೊಯ್ದರೆ ನಾಚಿಕೆ ಬಿಡಬೇಡಿ. 'ಸ್ವಲ್ಪ ಗ್ಯಾಸು' ಎಂದಷ್ಟೇ ಹೇಳಿ, ಮಾತ್ರೆ ಬರೆಸಿಕೊಂಡು ಎದ್ದು ಬನ್ನಿ.