ಆಗಸ್ಟ್ ಕೂಸಿಗೆ ಮಾತ್ರೆ ಯೋಗ

ಜಾತಕವೆಂದರೆ ಮೂಗು ಮುರಿಯುವವರು ಹಾರ್ವರ್ಡ್ ಸಂಶೋಧಕರು 2018ರಲ್ಲಿ ಬರೆದುಕೊಟ್ಟ ಕುಂಡಲಿಯನ್ನೊಮ್ಮೆ ನೋಡಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಸೆಪ್ಟೆಂಬರ್ 1ಕ್ಕೆ ಐದು ತುಂಬಿದ್ದರೆ ಶಾಲೆ, ಇಲ್ಲದಿದ್ದರೆ ಮುಂದಿನ ವರ್ಷ. ಹಾಗಾಗಿ ಆಗಸ್ಟಿನಲ್ಲಿ ಹುಟ್ಟಿದ್ದು ತರಗತಿಗೆಲ್ಲ ಕಿರಿದು, ಸೆಪ್ಟೆಂಬರಿನದು ಹಿರಿದು. ಎಡಿಎಚ್‌ಡಿ ಎಂಬ, ಗಮನ ನಿಲ್ಲದ ಚಡಪಡಿಕೆಯ ತೊಂದರೆಯ ಹಣೆಪಟ್ಟಿ ಸಿಕ್ಕಿದ್ದು 10,000 ಆಗಸ್ಟ್ ಮಕ್ಕಳಲ್ಲಿ 85 ಮಂದಿಗೆ, ಸೆಪ್ಟೆಂಬರಿನವರಲ್ಲಿ 64 ಮಂದಿಗೆ. ಈ ಗಡುವಿಲ್ಲದ ರಾಜ್ಯಗಳಲ್ಲಿ ಅಂಥ ಅಂತರವೇ ಕಾಣಲಿಲ್ಲ. ಅಂದರೆ ಮನೆ ಸಾಮಾನು ಲಾರಿಗೆ ಹೇರಿ ಗಡಿ ದಾಟಿದರೆ ಕೆಲವರ ದೋಷ ಪರಿಹಾರ! ನಮ್ಮ ಜೋಯಿಸರಾದರೆ ಒಂದು ಹೋಮವನ್ನಾದರೂ ಮಾಡಿಸುತ್ತಿದ್ದರು.

ಲಕ್ಷಣಗಳನ್ನು ಕೇಳಿ: ಕೂತಲ್ಲಿ ಕೂರುವುದಿಲ್ಲ, ಕೈಕಾಲು ಆಡಿಸುತ್ತದೆ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಒದರುತ್ತದೆ, ಸರದಿಗೆ ಕಾಯುವುದಿಲ್ಲ. ಐದು ವರ್ಷದ ಕೂಸು ಇನ್ನೇನು ಮಾಡಬೇಕಿತ್ತು, ಜಪವೇ? ಒಂಬತ್ತರಲ್ಲಿ ಆರು ಲಕ್ಷಣ ಆರು ತಿಂಗಳಾದರೂ ಇರಬೇಕು, ಶಾಲೆಯಲ್ಲಷ್ಟೇ ಅಲ್ಲ ಮನೆಯಲ್ಲೂ ಕಾಣಬೇಕು, ಆ ವಯಸ್ಸಿಗೆ ಅತಿಯೆನಿಸಬೇಕು ಎನ್ನುತ್ತದೆ ವೈದ್ಯರ ಪುಸ್ತಕ. ಪುಸ್ತಕಕ್ಕೇನು, ಹೇಳುತ್ತದೆ. ಅವಸರದ ಕ್ಲಿನಿಕ್ಕಿನಲ್ಲಿ ಮಾತಾಡುವುದು ಟೀಚರ್ ಟಿಕ್ ಹಾಕಿ ಕಳಿಸಿದ ಹಾಳೆ. ಆ ಟೀಚರಿಗೋ, ಪಕ್ಕದಲ್ಲಿ ಕೂತ, ಒಂದು ವರ್ಷ ಹೆಚ್ಚು ಅನ್ನ ತಿಂದ ಮಗುವೇ ಅಳತೆಗೋಲು.

ಈ ತೊಂದರೆಗೆ ಕೊಡುವ ಮಾತ್ರೆಯ ಕತೆ ಇನ್ನೂ ಚೆಂದ. 1944ರಲ್ಲಿ ಸ್ವಿಸ್ ಕಂಪನಿ ಸೀಬಾದ ಲಿಯಾಂಡ್ರೊ ಪಾನಿಜ್ಜೊನ್ ಮೀಥೈಲ್‌ಫೆನಿಡೇಟ್ ತಯಾರಿಸಿದ. ಹೆಂಡತಿ ರೀಟಾ ಅದನ್ನು ನುಂಗಿ ಟೆನಿಸ್ ಆಡಿದಳು, ಆಟ ಸುಧಾರಿಸಿತಂತೆ. ಅವಳ ಹೆಸರಲ್ಲೇ ರಿಟಲಿನ್ ಬಂತು. ಅವಳು ಆಡಲೆಂದು ನುಂಗಿದ್ದನ್ನು ಈಗ ಮಗು ಆಡದೆ ಕೂರಲೆಂದು ನುಂಗಿಸುತ್ತಾರೆ.

ಹಾಗೆಂದು ಮಾತ್ರೆಯೇ ಮೋಸ ಎನ್ನುವ ವಾಟ್ಸ್ಆ್ಯಪ್ ಪಂಡಿತರ ಜೊತೆ ನನ್ನನ್ನು ಸೇರಿಸಬೇಡಿ. ನಿಜಕ್ಕೂ ಈ ತೊಂದರೆಯಿರುವ ಬಹಳಷ್ಟು ಮಕ್ಕಳಿಗೆ ಅದು ಕೆಲಸ ಮಾಡುತ್ತದೆ. 'ಎರಡು ಬಿಗಿದರೆ ಸರಿಹೋಗ್ತಾನೆ' ಎನ್ನುವ ಮಾವಂದಿರ ಚಿಕಿತ್ಸೆಗಿಂತ ಸಾವಿರ ಪಾಲು ಮೇಲು. 2022ರಲ್ಲಿ ಅಮೆರಿಕದಲ್ಲಿ ಇದೇ ತೊಂದರೆಗೆ ಕೊಡುವ ಆಡರಾಲ್ ಎಂಬ ಇನ್ನೊಂದು ಮಾತ್ರೆಗೆ ಬರ ಬಂದಾಗ ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆದವರಲ್ಲಿ ಇಂಥವರೂ ಇದ್ದರು. ಬೇಕಾದವರಿಗೆ ಸಿಗದು, ಬೇಡದವರಿಗೆ ಹುಟ್ಟುಹಬ್ಬದ ಉಡುಗೊರೆ.

ನಾವೇನು ಕಡಿಮೆಯೇ? ಒಂದನೇ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕೆಂದು ಕರ್ನಾಟಕ ಸರ್ಕಾರ ಹೇಳಿದ್ದ ನಿಯಮ ಜಾರಿಗೆ ಬರುವ ಹೊತ್ತಿಗೆ ಪೋಷಕರು ಪಟ್ಟು ಹಿಡಿದು 2025ರಲ್ಲಿ ಒಂದು ವರ್ಷದ ಮಟ್ಟಿಗೆ ಸಡಿಲಿಕೆ ಗಿಟ್ಟಿಸಿದರು. ಮಗುವಿನ ಒಂದು ವರ್ಷ ಉಳಿಯಿತೆಂದು ಅಪ್ಪ ಅಮ್ಮನಿಗೆ ಖುಷಿಯೋ ಖುಷಿ. ಜೂನ್ ಮುಗಿಯುವಷ್ಟರಲ್ಲಿ ಡೈರಿಯಲ್ಲಿ ಕೆಂಪು ಶಾಯಿ: 'ಕೂತಲ್ಲಿ ಕೂರುತ್ತಿಲ್ಲ. ಡಾಕ್ಟರಿಗೆ ತೋರಿಸತಕ್ಕದ್ದು.'