ಮೇಲ್ ಮಾಷ್ಟ್ರು

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಯಾವ ಗ್ರಾಮಕ್ಕೆ ಹೋದರೂ, ಶಾಲೆಯ ಮುಖ್ಯೋಪಾಧ್ಯಾಯ ಪದವಿಯಿಂದ ನಿವೃತ್ತರಾಗಿ, ಅಡಿಕೆ ತೋಟದ ಮೇಲ್ವಿಚಾರಣೆಯನ್ನು ಪತ್ನಿಗೂ ತಾಳಮದ್ದಳೆಯ ಅರ್ಥಗಾರಿಕೆಯನ್ನು ಕಿರಿಯರಿಗೂ ಒಪ್ಪಿಸಿ, ಕಂಪ್ಯೂಟರಿನ ಮುಂದೆ ವಿರಾಜಮಾನರಾದ ಮಹನೀಯರೊಬ್ಬರು ದೊರೆಯದಿರರು. ಊರವರು ಅವರನ್ನು ಮೇಲ್ ಮಾಷ್ಟ್ರು ಎನ್ನುತ್ತಾರೆ. ಪಾಠ ಹೇಳುವುದನ್ನು ಅವರು ಬಿಟ್ಟಿಲ್ಲ. ವಿಷಯ ಮಾತ್ರ ಬದಲಾಗಿದೆ.

ಪಾಠವು ಪೀಠಿಕೆಯಿಲ್ಲದೆ ಆರಂಭವಾಗತಕ್ಕದ್ದಲ್ಲ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಎಂಬ ತರುಣನು ಜ್ಯಾಕ್ ಸ್ಮಿತ್ ಎಂಬ ಮಿತ್ರನೊಡಗೂಡಿ 1996ರ ಜುಲೈ 4ರಂದು ಹಾಟ್‌ಮೇಲನ್ನು ಲೋಕಕ್ಕೆ ಕೊಟ್ಟದ್ದು, ಆಗ ಅದರಲ್ಲಿ ತಲೆಗೆ 2 ಎಂಬಿ ಸ್ಥಳವಷ್ಟೇ ಇದ್ದದ್ದು, 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಕೊಡುತ್ತೇನೆಂದಾಗ ಅನೇಕರು ಅದನ್ನು ಮೂರ್ಖರ ದಿನದ ಪರಿಹಾಸವೆಂದೇ ಬಗೆದದ್ದು, ಇಷ್ಟನ್ನೂ ಸಾವಧಾನವಾಗಿ ಕೇಳದೆ, ಪಾಸ್‌ವರ್ಡ್ ಮರೆತು ಓಡಿಬಂದ ನೆರೆಮನೆಯಾತನಿಗೆ ಬಿಡುಗಡೆಯಿಲ್ಲ. ಕಡಬ ಹೊಸ ತಾಲೂಕಾಗಿ, ಪುತ್ತೂರಿನ ಗ್ರಾಮಗಳೂ ಸುಳ್ಯಕ್ಕೆ ಸೇರಿದ್ದ ಸುಬ್ರಹ್ಮಣ್ಯವೂ ಅದರ ತೆಕ್ಕೆಗೆ ಹೋಗಿ, ಲಗ್ನಪತ್ರಿಕೆಯಿಂದ ಪಹಣಿಯವರೆಗೆ ಎಲ್ಲೆಲ್ಲಿಯೂ ವಿಳಾಸ ತಿದ್ದಬೇಕಾಗಿ ಬಂದಾಗ, "ನನ್ನ ಮೇಲ್ ಐಡಿಗೆ ತಾಲೂಕೇ ಇಲ್ಲ" ಎಂದು ಅವರು ಹಿಗ್ಗಿದ ಹಿಗ್ಗು ನೋಡತಕ್ಕದ್ದಾಗಿತ್ತು.

ಅವರ ವಿಧಿನಿಷೇಧಗಳು ಹಲವು. ಸಬ್ಜೆಕ್ಟಿನ ಕೋಣೆಯಲ್ಲಿ ಇಡೀ ಪತ್ರವನ್ನು ಬರೆಯಕೂಡದು. ಬ್ರಹ್ಮಕಲಶೋತ್ಸವದ ಆಮಂತ್ರಣವನ್ನು ಊರಿಗೆಲ್ಲ ಕಳುಹಿಸುವಾಗ ವಿಳಾಸಗಳನ್ನು ಬಿಸಿಸಿಯಲ್ಲಿ ಹಾಕಬೇಕು. ಇಲ್ಲವಾದರೆ ಮುಂಬಯಿಯ ಬಂಧುವೊಬ್ಬ ಎಲ್ಲರಿಗೂ ಒಟ್ಟಾಗಿ ಉತ್ತರ ಬರೆದು, ದೇವಸ್ಥಾನದ ಲೆಕ್ಕಪತ್ರವನ್ನು ಸಭೆಗೆ ಮೊದಲೇ ಬೀದಿಗೆ ತರುತ್ತಾನೆ. ಸ್ಪ್ಯಾಮನ್ನು ಆಗಾಗ ಕೆದಕಿ ನೋಡಬೇಕು, ಕರಿಗೋಟಿನ ರಾಶಿಯಲ್ಲಿಯೂ ಒಳ್ಳೆಯ ಚಾಲಿ ಅಡಿಕೆ ಬಿದ್ದಿರುವುದುಂಟು. 30 ದಿನ ಕಳೆದರೆ ಸ್ಪ್ಯಾಮಿನಲ್ಲಿದ್ದದ್ದು ತಾನಾಗಿ ಅಳಿದುಹೋಗುತ್ತದೆ.

ಆದರೆ ಅವರ ಪಾಂಡಿತ್ಯದ ಪರಾಕಾಷ್ಠೆ ಇರುವುದು ಬೇರೆಡೆ. ಕಳುಹಿಸಿದ ಪತ್ರವನ್ನು ಹಿಂದಕ್ಕೆ ಕರೆಸಿಕೊಳ್ಳಲು ಜಿಮೇಲ್ ಮೊದಲಿಗೆ 5 ಸೆಕೆಂಡುಗಳ ಅವಕಾಶವನ್ನಷ್ಟೇ ಕೊಡುತ್ತದೆ. ಸೆಟ್ಟಿಂಗ್ಸಿಗೆ ಹೋಗಿ ಅದನ್ನು 30ಕ್ಕೆ ಏರಿಸಿಕೊಳ್ಳಬಹುದು. ಈ ರಹಸ್ಯ ಸಿದ್ಧಿಸಿದ ದಿನದಿಂದ ಮಾಷ್ಟ್ರ ಪತ್ರಗಳು ಮನೆ ಬಿಟ್ಟು ಹೊರಡುವುದೇ ದುಸ್ತರವಾಗಿದೆ. ಸೆಂಡ್ ಒತ್ತಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಪರದೆಯ ಮೂಲೆಯಲ್ಲಿ ಅನ್‌ಡೂ ಎಂಬ ಅಕ್ಷರಗಳು ಕಾಣುವಷ್ಟು ಹೊತ್ತೂ ತೋರುಬೆರಳನ್ನು ಮೌಸಿನ ಮೇಲೆ ಎತ್ತಿ ಹಿಡಿದು, 'ಮಾನ್ಯರೇ' ಎಂಬುದರ ಮುಂದಿನ ಅಲ್ಪವಿರಾಮದಲ್ಲಿ ಸಂದೇಹ ಹುಟ್ಟಿ, ಪತ್ರವನ್ನು ಹಿಂದಕ್ಕೆ ಕರೆಸಿ, ಅಲ್ಪವಿರಾಮವನ್ನು ತೆಗೆದು, ಮರಳಿ ಕಳುಹಿಸಿ, ಮತ್ತೆ ಬೆರಳೆತ್ತುತ್ತಾರೆ. ಎರಡನೆಯ ಬಾರಿಗೆ ಅಲ್ಪವಿರಾಮ ಬೇಕಿತ್ತೆಂದು ತೋರುತ್ತದೆ. ಅಷ್ಟರಲ್ಲಿ ಕಾಡಿನಲ್ಲಿ ಎಲ್ಲಿಯೋ ಒಂದು ಮರ ತಂತಿಯ ಮೇಲೆ ಒರಗಿ ಕರೆಂಟು ಹೋಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಇದಕ್ಕೆ ಮುಹೂರ್ತ ನೋಡಬೇಕಾಗಿಲ್ಲ.

ಹೇಗೋ ಪತ್ರ ಹೋಯಿತೆನ್ನಿ. ಕೂಡಲೇ ಬೆಂಗಳೂರಿನ ಸೋದರಳಿಯನಿಗೆ ಫೋನು: "ಈಗ ಒಂದು ಮೇಲ್ ಬಿಟ್ಟಿದ್ದೇನೆ, ಬಂತಾ ನೋಡು ಮಾರಾಯ."

"ಆಫೀಸಿನಲ್ಲಿದ್ದೇನೆ ಮಾವ, ಸಂಜೆ ನೋಡ್ತೇನೆ."

"ಹಾಗಾದರೆ ನಾನೇ ಓದ್ತೇನೆ, ಕೇಳು" ಎಂದು 'ಮಾನ್ಯರೇ'ಯಿಂದ 'ಇಂತಿ'ಯವರೆಗೆ, ಅಲ್ಪವಿರಾಮಸಹಿತವಾಗಿ ಓದಿ ಮುಗಿಸಿಯೇ ಫೋನನ್ನು ಕೆಳಗಿಡುವುದು.

ಇಷ್ಟಾದರೂ ಅವರ ಉಪದೇಶದಲ್ಲಿ ಕಳೆದುಹಾಕತಕ್ಕ ಅಂಶವಿಲ್ಲ. ಬ್ಯಾಂಕಿನ ಹೆಸರಿನಲ್ಲಿ ಬಂದ ಲಿಂಕನ್ನು ಒತ್ತಬೇಡ, ಓಟಿಪಿಯನ್ನು ಹೆಂಡತಿಯ ಅಣ್ಣ ಕೇಳಿದರೂ ಹೇಳಬೇಡ, ಎರಡು ಹಂತದ ಪರಿಶೀಲನೆಯನ್ನು ಇಂದೇ ಹಾಕಿಕೋ, ಎರಡು ವರ್ಷ ತೆರೆಯದ ಖಾತೆಯನ್ನು ಗೂಗಲ್ ಅಳಿಸಿಬಿಡಬಹುದು: ಇವೆಲ್ಲವೂ ಅಕ್ಷರಶಃ ಪಾಲಿಸತಕ್ಕವು. ಆದ್ದರಿಂದ ವಾಚಕರು ಅವಶ್ಯವಾಗಿ ಅವರಲ್ಲಿ ಸಲಹೆ ಕೇಳಬೇಕು. ಸುಬ್ರಹ್ಮಣ್ಯದ ಕೊನೆಯ ಬಸ್ಸು ಹಿಡಿಯುವುದಿದ್ದಲ್ಲಿ ಮಾತ್ರ, ಮರುದಿನ ಬೆಳಿಗ್ಗೆ ಕೇಳುವುದು ಲೇಸು.