ರಜೆಗೊಂದು ದಪ್ಪ ಪುಸ್ತಕ

ಬೇಸಿಗೆ ರಜೆಗೆ ನಮ್ಮೂರು ಧರ್ಮಪುರಕ್ಕೆ ಬರುವ ಬೆಂಗಳೂರು ನೆಂಟರ ಬ್ಯಾಗಿನಲ್ಲಿ ಒಂದು ದಪ್ಪ ಪುಸ್ತಕ ಇದ್ದೇ ಇರುತ್ತದೆ. ಹೆಚ್ಚಾಗಿ, ಶ್ರೀಮಂತರಾಗುವುದು ಹೇಗೆ ಎಂಬ ಬಗೆಯದು. ಹಿರಿಯೂರು ದಾಟುವಷ್ಟರಲ್ಲಿ ಓದುಗರಿಗೆ ತೂಕಡಿಕೆ. ಊರು ಮುಟ್ಟಿದ ಮೇಲೆ ಪುಸ್ತಕವೇ ದಿಂಬು, ಕರೆಂಟು ಹೋದರೆ ಬೀಸಣಿಗೆ. ಶ್ರೀಮಂತರಾದವರನ್ನು ನಾನಂತೂ ಕಂಡಿಲ್ಲ.

ನನ್ನನ್ನು ಕೇಳಿದರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ತನ್ನಿ. ಸಸ್ಯಶಾಸ್ತ್ರದ ಮೇಷ್ಟ್ರು ಹುಡುಗರ ದಂಡು ಕಟ್ಟಿಕೊಂಡು ಕಾಡು ಸುತ್ತಿದ ವೃತ್ತಾಂತ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. “ಗಿಡಗಂಟೆ ಪುಸ್ತಕಕ್ಕೂ ಪ್ರಶಸ್ತಿ ಕೊಡ್ತಾರೇನೋ?” ಎಂದು ಮೂಗೆಳೆದ ನಮ್ಮ ಚಿಕ್ಕಪ್ಪ ಈಗ ಕೆರೆ ಏರಿ ಮೇಲಿನ ಪ್ರತಿ ಗಿಡವನ್ನೂ ನಿಲ್ಲಿಸಿಕೊಂಡು ಕುಲಗೋತ್ರ ವಿಚಾರಿಸುತ್ತಾರೆ. ಅವರ ಜೊತೆ ವಾಕಿಂಗ್ ಹೋಗುವವರೇ ಇಲ್ಲ.

ವೀಸಾ ಸಿಗದವರಿಗೆ ‘ಅಮೆರಿಕದಲ್ಲಿ ಗೊರೂರು’ ಇದೆ. ಅದಕ್ಕೂ 1980ರಲ್ಲಿ ಅದೇ ಪ್ರಶಸ್ತಿ. ನಗುತ್ತ ಹೋಗಿ ನಗುತ್ತ ಬರಬಹುದು.

ಇನ್ನು ದುರ್ಗದ ಜಂಬ ಕೊಚ್ಚುವವರಿಗೆ ಎಂ.ಎಸ್. ಪುಟ್ಟಣ್ಣನವರ ‘ಚಿತ್ರದುರ್ಗದ ಪಾಳಯಗಾರರು’. ಇನ್ನೂ ಹುರುಪಿದ್ದರೆ ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟ. ನಮ್ಮ ಚಿತ್ರದುರ್ಗ ಜಿಲ್ಲೆಯ ಶಾಸನಗಳು ಅದರಲ್ಲಿವೆ. ಅವುಗಳಲ್ಲಿ ಬರುವ ನೊಳಂಬ ಅರಸರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇಲ್ಲೇ ಆಂಧ್ರದ ಗಡಿಯಾಚೆ ಇದೆ. ಮುದ್ದೆ ಉಂಡು ಮಾತ್ರ ಈ ಸಂಪುಟ ತೆರೆಯಬೇಡಿ, ಎರಡನೇ ಶಾಸನಕ್ಕೇ ಗೊರಕೆ.

ಯಾವುದನ್ನೇ ಓದಿ, ಕೊಂಡು ಓದಿ. ನನ್ನ ಪ್ರತಿಗಳನ್ನು ಮಾತ್ರ ಕೇಳಬೇಡಿ. ಹೋದ ವರ್ಷ ಒಯ್ದವರೇ ಇನ್ನೂ ಫೋನ್ ಎತ್ತುತ್ತಿಲ್ಲ.